ಮನೆಮಗಳ ಕೈಯ ಹಾಲು

ತೊಗರ್ಸಿ, ಶಿಕಾರಿಪುರ ತಾಲ್ಲೂಕು
ಜುಲೈ ೪, ಶುಕ್ರವಾರ

ನನ್ನ ಹಟಮಾರಿ ಮಗಳು ಸುನಿತಾಗೆ,

ಹೆಂಗಿದೀಯ? ಕೆಮ್ಮು ಹೋಯ್ತಾ? ಆ ಶ್ರೀಲಂಕಾದ ಗುಡ್ಡದ ಮೇಲೆ ಯಾವಾಗಲೂ ಮಂಜಂತೆ. ತಲೆಗೊಂದು ಬಟ್ಟೆ ಕಟ್ಟಿಕೊಳ್ಳದೆ ಸಿಮೆಂಟು ಕಲಸ್ತಾ ನಿಂತಿರ್ತೀಯ, ನನಗೆ ಗೊತ್ತಿಲ್ವಾ ನಿನ್ನ ಬುದ್ಧಿ. ಮೂರು ಹೊತ್ತೂ ಅನ್ನ ಅಂತ ನಿನ್ನ ತಮ್ಮ ರಾಹುಲ ಹೇಳಿದ. ರೊಟ್ಟಿ ಇಲ್ಲದೆ ನಿನಗೆಲ್ಲಿ ಹೊಟ್ಟೆ ತುಂಬುತ್ತೆ? ಅದಕ್ಕೇ ಎಳ್ಳು ಹಚ್ಚಿದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಳಿಸ್ತಿದೀನಿ. ನಿನ್ನ ಜೊತೆ ಅಲ್ಲಿರೋ ಹಾಸ್ಟೆಲ್ ಗೆಳತಿ ಸ್ಟೆಲ್ಲಾಳ ಅಣ್ಣ ಚರ್ಚಿನ ಮುಂದಿನ ತಂಡದ ಜೊತೆ ಅಲ್ಲಿಗೇ ಹೊರಟಿದಾನೆ, ಈ ಪತ್ರಾನೂ ಅವನ ಕೈಲೇ. ಫೋನ್ ಇರೋವಾಗ ಪತ್ರ ಯಾಕೆ ಅಂತ ನಗಬೇಡ. ಫೋನ್ ಹಿಡಿದರೆ ನನ್ನ ಬಾಯಿಗೆ ಮೊದಲು ಬರೋದು ಬೈಗಳು, ಆಮೇಲೆ ಅಳು. ಹೇಳಬೇಕಾದ್ದು ಬರೋ ಹೊತ್ತಿಗೆ ಲೈನ್ ಕಟ್ಟಾಗಿರುತ್ತೆ.

ಗೃಹಪ್ರವೇಶ ಚೆನ್ನಾಗಾಯ್ತು. ಹೋಳಿಗೆ ಮಿಕ್ಕಿ ಬೀದಿಗೆಲ್ಲ ಹಂಚಿದ್ವಿ. ಪಕ್ಕದ ಮನೆ ಹಸು ಮಾತ್ರ ಒಳಗೆ ಬಾ ಅಂದರೆ ಹೊಸ್ತಿಲಲ್ಲೇ ನಿಂತುಬಿಡ್ತು, ಒಳಗೆ ಹೋದಮೇಲೆ ಈಚೆ ಬರಲ್ಲ ಅಂತ ಹಟ. ನಿಮ್ಮಪ್ಪ "ಥೇಟ್ ನಮ್ಮ ಸುನೀನೇ ನೋಡು" ಅಂತ ನಗೋಕೆ ಹೋಗಿ ಟವಲ್ಲಲ್ಲಿ ಕಣ್ಣೊರೆಸಿಕೊಂಡರು. ಸೊರಬದಿಂದ ಬಂದ ನಿನ್ನ ಸೋದರತ್ತೆ ಬಂಗಾರಮ್ಮ ಚಪ್ಪಲಿ ಬಿಡೋಕೆ ಮುಂಚೇನೇ, "ಏನೇ ಹೂವಮ್ಮ, ಮಗಳು ಚರ್ಚಿಗೆ ಸೇರಿಬಿಟ್ಲಂತೆ?" ಅಂದ್ರು. ನಾನು ಸುಮ್ನಿರ್ತೀನಾ? "ಚರ್ಚಿನೋರ ಜೊತೆ ಮನೆ ಕಟ್ಟೋಕೆ ಹೋಗಿದಾಳೆ ಕಣ್ರೀ, ಇಟ್ಟಿಗೆಗೆ ಯಾವ ಜಾತಿ?" ಅಂದೆ. ಚಪ್ಪಲಿ ಬಿಟ್ಟು ಸೀದಾ ಒಳಗೆ ಹೋದ್ರು. ಹಾಲು ನಾನೇ ಉಕ್ಕಿಸಿದೆ.

ಅವರೆದುರು ಹಂಗಂದೆ, ಆದರೆ ಒಳಗೊಳಗೇ ನನಗೂ ಹೊಟ್ಟೆ ಉರೀತಿತ್ತು ಕಣೇ. ಗುಡ್ಡ ಕುಸಿದು ಮನೆಮಠ ಕಳಕೊಂಡೋರಿಗೆ ಸೂರು ಮಾಡಿಕೊಡೋದು ಪುಣ್ಯದ ಕೆಲಸ. ನೀನು ಎರಡು ತಿಂಗಳು ಅಂದೆ, ನಾನು ಹೋಗಿ ಬಾ ಅಂದೆ. ಆದರೆ ಈ ಮನೆ ಯಾರು ಕಟ್ಟಿದ್ದು? ಶಿಕಾರಿಪುರದಲ್ಲಿ ಇಂಜಿನಿಯರ್ ಆಫೀಸಿನ ಕೆಲಸ ಮುಗಿಸಿ, ಸಂಜೆ ಬಸ್ಸಿಳಿದು ಸೀದಾ ಬಂದು ಗೋಡೆಗೆ ನೀರು ಹೊಡೀತಿದ್ದೋಳು ನೀನು. ಅಳತೆ ಹಂಗಲ್ಲ ಅಂತ ಮೇಸ್ತ್ರಿ ಮಾಳೇಶ ಎಷ್ಟು ಬಡಕೊಂಡರೂ ಕೇಳದೆ, "ನಮ್ಮಮ್ಮ ಗಿಡ್ಡಿ" ಅಂತ ಅಡಿಗೆ ಕಟ್ಟೆ ತಗ್ಗಿಸಿ ಕಟ್ಟಿಸಿದೋಳೂ ನೀನೇ. ಹೊಸ ಮನೇಲಿ ಹಾಲುಕ್ಕಿಸೋದು ಮನೆಮಗಳ ಕೈಲಿ. ಅವತ್ತು ಆ ತಗ್ಗು ಕಟ್ಟೆ ಮುಂದೆ ನಿಂತಾಗ, ಎಲ್ಲಾ ಇದ್ದೂ ಏನೂ ಇಲ್ಲ ಅನ್ನಿಸಿಬಿಡ್ತು.

ಮಳೆ ಜೋರೈತೆ, ಇಲ್ಲೊಂದು ಮನೆಗೆ ಶೀಟ್ ಹೊದಿಸೋದು ಉಳಿದೈತೆ, ಗೃಹಪ್ರವೇಶ ಹದಿನೈದು ದಿನ ಮುಂದಕ್ಕೆ ಹಾಕ್ರಿ ಅಂತ ಫೋನಲ್ಲಿ ಕೇಳಿದೆ ನೀನು. ಆಷಾಢ ಬಂದುಬಿಡುತ್ತಲ್ಲೇ, ಹೆಂಗೆ ಹಾಕೋದು? ಸಿಟ್ಟು ನೆತ್ತಿಗೇರಿ, ನಿನ್ನ ಮನೆಗಿಂತ ಕಂಡೋರ ಮನೆ ಹೆಚ್ಚಾಯ್ತಾ ಅಂದೆ. ನೀನು ಮೆಲ್ಲಗೆ, "ನನ್ನ ಮನೆ ಎಲ್ಲೈತಮ್ಮಾ, ಹೆಂಗಿದ್ರೂ ಅದು ರಾಹುಲನ ಮನೆ ತಾನೇ" ಅಂದೆ. ಅಷ್ಟಕ್ಕೇ ಲೈನ್ ಹೋಯ್ತು. ಹೆಣ್ಣು ಕೊಟ್ಟ ಮನೆಗೆ, ಗಂಡು ಹುಟ್ಟಿದ ಮನೆಗೆ ಅಂತ ನಮ್ಮವ್ವ ಹೇಳ್ತಿದ್ಲು, ನಾವೂ ಹಂಗೇ ಬದುಕಿದ್ವಿ. ಕೇಳೋ ಮಗಳು ಹುಟ್ತಾಳೆ ಅಂತ ಯಾರಿಗೆ ಗೊತ್ತಿತ್ತು?

ನಿನ್ನೆ ಸ್ಟೆಲ್ಲಾ ಅಲ್ಲಿಂದ ಕಳಿಸಿದ ವಿಡಿಯೋನ ರಾಹುಲ ತೋರಿಸಿದ. ನೀವು ಕಟ್ಟಿಕೊಟ್ಟ ಮನೆಯ ಮುದುಕಿ, ಗುಡ್ಡ ಕುಸಿದಾಗ ಮಗಳನ್ನೂ ಕಳಕೊಂಡೋಳು, ನಿನ್ನ ಕೈ ಹಿಡಿದು ಒಲೆ ಮುಂದೆ ಕೂರಿಸಿದ್ಲು. ಮೂರು ಇಟ್ಟಿಗೆ, ಮಣ್ಣಿನ ಗಡಿಗೆ. ಅಯ್ಯೋ ಶಿವನೇ, ಅಲ್ಲೂ ಹಾಲುಕ್ಕಿಸ್ತಾರೆ ಅಂತ ನಾನೇನು ಕಂಡೆ! ಹಾಲು ಉಕ್ಕಿ ಸುರಿದಾಗ ಚರ್ಚಿನೋರೂ ಸೇರಿ ಎಲ್ಲರೂ ಚಪ್ಪಾಳೆ ಹೊಡೆದರು. ಆ ಮುದುಕಿ ನಿನ್ನ ನೆತ್ತಿಗೆ ಮುತ್ತಿಟ್ಟಳು. ನಾನು ಫೋನ್ ವಾಪಸ್ ಕೊಟ್ಟು, ಕುರಿಗೆ ಸೊಪ್ಪು ಹಾಕೋ ನೆಪದಲ್ಲಿ ಹಿತ್ತಲಿಗೆ ಹೋದೆ. ಸಿಟ್ಟಲ್ಲ ಕಣೇ. ಆಕೆಗೆ ಮಗಳಿಲ್ಲ, ನಿನ್ನ ಕರೆದಳು, ನೀನು ಹೋದೆ. ನನಗೆ ಮಗಳಿದ್ದೂ ಕರೆಯೋಕೆ ಬರಲಿಲ್ಲ. ಇನ್ನೂ ನಾಲ್ಕು ಮನೆ ಐತೆ, ದೀಪಾವಳಿವರೆಗೆ ಇರ್ತೀನಿ ಅಂತ ಮೆಸೇಜ್ ಮಾಡಿದೀಯಂತೆ. ಇರು ಅನ್ನೋಕೆ ಮನಸ್ಸಿಲ್ಲ, ಬೇಡ ಅನ್ನೋಕೆ ಬಾಯಿಲ್ಲ.

ನಮ್ಮ ಮಲ್ಲಿಕಾರ್ಜುನ ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ. ಯೇಸುಸ್ವಾಮಿಯೂ ನಿನ್ನ ಮೇಲೊಂದು ಕಣ್ಣಿಟ್ಟಿರಲಿ, ಅಲ್ಲಿ ಅವರದೇ ಮೇಸ್ತ್ರಿಕೆ ತಾನೇ. ಆ ಮುದುಕಮ್ಮಂಗೆ ನನ್ನ ಶರಣು ಹೇಳು, ರೊಟ್ಟಿ ಅವರಿಗೂ ಕೊಡು.

ನಿನ್ನ ಗಿಡ್ಡಿ ಅಮ್ಮ,
ಹೂವಮ್ಮ

ಮರೆತಿದ್ದೆ: ಸ್ಟೆಲ್ಲಾಳ ಅಣ್ಣ ಬಾಗಿಲಲ್ಲೇ ನಿಂತಿದಾನೆ, ಬೇಗ ಬೇಗ ಬರೀತಿದೀನಿ. ಹಾಲು ಉಕ್ಕಿಸಿದೆ ಅಂತ ಮೇಲೆ ಬರೆದದ್ದು ಸುಳ್ಳು. ನಿಮ್ಮತ್ತೆ ತಮ್ಮ ಮಗಳು ಕರುಣಾನ ಮುಂದೆ ತಳ್ಳಿದ್ರು, ನಾನು ಬೇಡ, ನಾನೇ ಮಾಡ್ತೀನಿ ಅಂದೆ. ಎಲ್ಲರೂ ಮಂಗಳಾರತಿಗೆ ನಡುಮನೆಗೆ ಹೋದರು. ಹಾಲು ಏರಿ ಏರಿ ಪಾತ್ರೆಯ ಕಂಠಕ್ಕೆ ಬಂತು. ಫೋನಲ್ಲಿ ನೀನಂದ ಮಾತು ನೆನಪಾಯ್ತು ನೋಡು, ಸೆರಗಲ್ಲಿ ಹಿಡಿದು ಇಳಿಸಿಬಿಟ್ಟೆ. ಒಂದು ಚಮಚ ಹಾಲು ಒಲೆ ಮೇಲೆ ಚೆಲ್ಲಿ "ಉಕ್ತು" ಅಂತ ಕೂಗಿದೆ. ನಿಮ್ಮಪ್ಪಂಗೂ ಗೊತ್ತಿಲ್ಲ. ಅವತ್ತಿಂದ ಮಿಕ್ಸಿ ಕೆಟ್ಟರೂ ಹಾಲುಕ್ಕದ ದೋಷವೇ ಅಂತ ಹೆದರ್ತೀನಿ, ಆದರೂ ಬೇರೆ ಕೈಲಿ ಉಕ್ಕಿಸೋಕೆ ಮನಸ್ಸು ಒಪ್ಪಲ್ಲ. ದೀಪಾವಳಿಗೇ ಬಾ, ಕಾಯ್ತೀನಿ. ರಾಹುಲನ ಮನೆ ಅಂತ ಮಾತ್ರ ಇನ್ನೊಮ್ಮೆ ಅನ್ನಬೇಡ. ಹಾಲೇ ಉಕ್ಕದ ಮನೆ, ಅದಿನ್ನೂ ಯಾರದೂ ಆಗಿಲ್ಲ ಕಣೇ.