ಬಿಗಿಯಾದ ಚಪ್ಪಲಿ

ಈ ಕಾಗದ ಕದ್ದು ಓದುತ್ತಿರುವವರೇ, ನಾಚಿಕೆಯಿಲ್ಲವೇ ನಿಮಗೆ? ಇದು ನಮ್ಮ ಯಜಮಾನರಿಗೆ ಬರೆದದ್ದು. ಅವರು ಸತ್ತು ಒಂಬತ್ತು ವರ್ಷವಾಯಿತೆಂದು ನನಗೂ ಗೊತ್ತು, ಮಡಚಿಡಿ.

ಏನ್ರೀ, ನಿಮ್ಮ ಮೊಮ್ಮಗಳು ನರ್ಸ್ ಆಗಿದ್ದಾಳೆ. ಹೃದಯ ಕೆಟ್ಟು ಮಲಗಿದವರ ವಾರ್ಡಿನಲ್ಲಿ ಈಗ ತರಬೇತಿ. ಹೃದಯ ಸೋತರೆ ಕಾಲಿಗೆ ನೀರಿಳಿದು ಊದುತ್ತದೆ, ಯಂತ್ರದ ಪರದೆಗಿಂತ ಮೊದಲು ರೋಗಿಯ ಕಾಲು ನೋಡಬೇಕೆಂದು ಹಿರಿಯ ನರ್ಸ್ ಪಾಠ ಹೇಳಿದ್ದಾಳಂತೆ. ಇವತ್ತು ಬೆಳಿಗ್ಗೆ, "ಅಜ್ಜಿ, ಕಾಲು ಚಾಚು, ಅಭ್ಯಾಸ ಮಾಡ್ಬೇಕು" ಎಂದಳು. ಅವಳಪ್ಪನ ಕಾಲನ್ನು ಒಮ್ಮೆ ಒತ್ತಿ ಬಿಟ್ಟಿದ್ದಳು. ನನ್ನದನ್ನು ಮೂರು ಸಲ ಒತ್ತಿದಳು. ಹೆಬ್ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು.

"ಹಿಟ್ಟು ನಾದ್ತಿದೀಯೇನೇ?" ಎಂದೆ. ನಗಲಿಲ್ಲ.

"ಚಪ್ಪಲಿ ಬಿಗಿ ಆಗ್ತಿದ್ಯಾ ಅಜ್ಜಿ?"

"ಇಲ್ವಲ್ಲ" ಎಂದು ಸುಳ್ಳು ಹೇಳಿದೆ.

ಒಳಗೆ ಅಪ್ಪ ಮಗಳು ಪಿಸುಗುಟ್ಟುತ್ತಿದ್ದರು. ನನ್ನನ್ನು ಕಂಡೊಡನೆ, "ಎಷ್ಟು ಸೆಕೆ ಅಲ್ವಾ" ಎಂದರು. ನನ್ನ ಕಿವಿಗೆ ಹೂವಿಡುತ್ತಾರೆ!

ಕೊನೆಯ ತಿಂಗಳು ನೀವೂ ಚಪ್ಪಲಿ ಬಿಗಿ ಎಂದಿದ್ದಿರಿ. ಅಂಗಡಿಯವನೇ ಅಳತೆಯಲ್ಲಿ ಮೋಸ ಮಾಡಿದ್ದಾನೆಂದು ನಾನು ಜಗಳವಾಡಿ, ದೊಡ್ಡ ಜೋಡಿ ತಂದು, ಗೆದ್ದೆನೆಂದು ಬೀಗಿದೆ. ನೀವು ಅದನ್ನು ಮೆಟ್ಟಿಕೊಂಡು ಸುಮ್ಮನೆ ನಕ್ಕಿರಿ. ಆ ನಗುವಿನ ಮೇಲೆ ನನಗೆ ಇಂದಿಗೂ ಅನುಮಾನ. ಕಾಲು ಯಾಕೆ ಊದಿದೆಯೆಂದು ನಿಮಗೆ ಗೊತ್ತಿತ್ತೇ?

ಆ ಜೋಡಿಯನ್ನು ಇವತ್ತು ಹೊರತೆಗೆದು ಹಾಕಿಕೊಂಡು ನೋಡಿದೆ. ನನಗೆ ಸರಿಯಾಗಿದೆ. ನಾಳೆ ಮೊಮ್ಮಗಳು ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳಂತೆ, "ಸುಮ್ನೆ". ಇದನ್ನೇ ಮೆಟ್ಟಿಕೊಂಡು ಹೋಗುತ್ತೇನೆ.

ಗೊತ್ತಿತ್ತೋ ಇಲ್ಲವೋ ಎಂದು ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆಯಿರಿ. ನಾನೇ ಅಲ್ಲಿಗೆ ಬಂದು ಕೇಳುವಂತೆ ಮಾಡಬೇಡಿ.