ಮುನ್ನೂರ ಹನ್ನೆರಡರಲ್ಲಿ ಮುನ್ನೂರ ಹನ್ನೆರಡು

ಚಾರ್ಮಾಡಿ, ಮಾರ್ಚ್ ೧೯೮೧

ಮಾನ್ಯ ಆರೋಗ್ಯಾಧಿಕಾರಿಗಳೇ,

ಹುಚ್ಚುನಾಯಿ ಕಡಿತಕ್ಕೆ ನಮ್ಮ ಆರೋಗ್ಯ ಕೇಂದ್ರದಲ್ಲಿ ಸಿಗುತ್ತಿದ್ದ ಸೂಜಿಮದ್ದನ್ನು ತಾವು ನಿಲ್ಲಿಸಿ ನಾಲ್ಕು ವರ್ಷವಾಯಿತು. ಕಾರಣ ತಮ್ಮ ವರದಿಯಲ್ಲೇ ಇದೆ. ಇಲ್ಲಿನ ನಾಟಿಮದ್ದು ತೆಗೆದುಕೊಂಡ ಮುನ್ನೂರ ಹನ್ನೆರಡು ಮಂದಿಯಲ್ಲಿ ಮುನ್ನೂರ ಹನ್ನೆರಡು ಮಂದಿಯೂ ಬದುಕಿದ್ದಾರೆ, ಆದ್ದರಿಂದ ಸರಕಾರಿ ಮದ್ದು ಅನಗತ್ಯ ಎಂದು. ಪತ್ರಿಕೆಯವರು ಇದನ್ನು ಮೊದಲ ಪುಟದಲ್ಲಿ ಹಾಕಿದರು. ಚುನಾವಣೆ ಬಂದಾಗ ಅಭ್ಯರ್ಥಿಗಳು ಬೆಳ್ತಂಗಡಿಯಿಂದ ಮೂಡಬಿದಿರೆಯವರೆಗೆ ಸಿಕ್ಕ ಸಿಕ್ಕ ವೇದಿಕೆಯಲ್ಲಿ “ವಿಜ್ಞಾನವೇ ಒಪ್ಪಿದೆ” ಎಂದರು. ನೂರಕ್ಕೆ ನೂರು ಗುಣವಾಗುವ ಮದ್ದು ಎಲ್ಲಿಂದ ಬಂತು ಎಂದು ಒಬ್ಬರಿಗಾದರೂ ಸಂಶಯ ಬರಲಿಲ್ಲವೇ? ವಿಜ್ಞಾನ ಯಾರ ಜಗಲಿಯಲ್ಲಿ ಕೂತು ಒಪ್ಪಿತು?

ಆ ಜಗಲಿ ನನಗೆ ಗೊತ್ತು. ಅಲ್ಲಿ ಕೂತು ಆ ಪಟ್ಟಿ ಬರೆದವನು ನಾನೇ. ಮದ್ದು ಕೊಡುತ್ತಿದ್ದ ಮಹಾಲಿಂಗೇಶ್ವರ ಪಂಡಿತರಿಗೆ ಕಣ್ಣು ಮಂಜು. ಶಾಲೆಯಿಂದ ನಿವೃತ್ತನಾದ ಮೇಲೆ ಅವರ ಪುಸ್ತಕದಲ್ಲಿ ರೋಗಿಗಳ ಹೆಸರು ಬರೆಯುವ ಕೆಲಸ ನನ್ನದಾಯಿತು. ಪಂಡಿತರು ಮೋಸಗಾರರಲ್ಲ. ಯಾರಿಂದಲೂ ಒಂದು ವೀಳ್ಯದೆಲೆ ಕೂಡ ತೆಗೆದುಕೊಂಡವರಲ್ಲ. ಆದರೆ ಅವರ ಮನೆತನದ ಕ್ರಮ ಒಂದಿತ್ತು. ಯಾರು ಬಂದರೂ ಮೊದಲು ಹೇಳುವ ಮಾತು ಒಂದೇ: “ನಾಯಿ ಜೀವದಲ್ಲಿ ಉಂಟಾದರೆ ಮದ್ದು ಹಿಡಿಯುವುದಿಲ್ಲ ಮಾರಾಯ. ಅದನ್ನು ಮುಗಿಸಿ ಬಾ.”

ಹಾಗಾಗಿ ಕಡಿದ ನಾಯಿಯನ್ನು ಅದೇ ದಿನ ಹೊಡೆದು ಹೂಳುತ್ತಿದ್ದರು. ನಾಯಿಯನ್ನು ಹತ್ತು ದಿನ ಕಟ್ಟಿ ಹಾಕಿ ನೋಡಿದರೆ ಹುಚ್ಚು ಉಂಟೋ ಇಲ್ಲವೋ ತಿಳಿಯುತ್ತದೆ, ಹುಚ್ಚಿದ್ದರೆ ಅಷ್ಟರೊಳಗೆ ಅದು ತಾನಾಗಿಯೇ ಸಾಯುತ್ತದೆ ಎಂದು ತಮ್ಮ ಇಲಾಖೆಯದೇ ಕರಪತ್ರ ಹೇಳುತ್ತದೆ. ಮುನ್ನೂರ ಹನ್ನೆರಡು ನಾಯಿಗಳಲ್ಲಿ ಹತ್ತು ದಿನ ಬದುಕಲು ಬಿಟ್ಟದ್ದು ಒಂದೂ ಇಲ್ಲ. ಬಾಲ ತುಳಿದದ್ದಕ್ಕೆ ಕಡಿದ ನಾಯಿ, ಮರಿ ಹಾಕಿದ್ದಕ್ಕೆ ಕಡಿದ ನಾಯಿ, ಎಲ್ಲವೂ ನನ್ನ ಪುಸ್ತಕದಲ್ಲಿ ಹುಚ್ಚುನಾಯಿಯೇ. ಇಲ್ಲದ ರೋಗ ವಾಸಿಯಾಗುವುದಕ್ಕೆ ಯಾವ ಮದ್ದು ಬೇಕು, ಸ್ವಾಮೀ?

ಇನ್ನು ಸತ್ತವರು. ಸತ್ತವರಿದ್ದರು. ಮದ್ದಿಗೆ ನಲವತ್ತೊಂದು ದಿನ ಪಥ್ಯ, ಹುಳಿ ಮುಟ್ಟಬಾರದು. ಯಾರಾದರೂ ಸತ್ತರೆ ಪಂಡಿತರು ವಿಚಾರಿಸುತ್ತಿದ್ದರು, ಎಲ್ಲಿಯಾದರೂ ಒಂದು ಚೂರು ಹುಳಿ ಸಿಕ್ಕಿಯೇ ಸಿಗುತ್ತಿತ್ತು. “ಪಥ್ಯ ತಪ್ಪಿದ್ದು ಮದ್ದಿನ ಲೆಕ್ಕಕ್ಕೆ ಬರುವುದಿಲ್ಲ ಮಾಸ್ಟ್ರೇ. ಹೊಡೆದು ಹಾಕುವ.” ನಾನು ಅಡ್ಡಗೆರೆ ಎಳೆಯುತ್ತಿದ್ದೆ. ತಮ್ಮ ಇಲಾಖೆಯವರು ಬಂದು, ಚಹಾ ಕುಡಿದು, ಗೆರೆ ಇಲ್ಲದ ಹೆಸರುಗಳನ್ನು ಮಾತ್ರ ನಕಲು ಮಾಡಿಕೊಂಡು ಹೋದರು. ಗೆರೆ ಎಳೆದದ್ದು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಆ ದಿನ ನಾನು ಹೇಳುತ್ತಿದ್ದೆ.

ಮರುವರ್ಷ ನನ್ನ ಹೆಂಡತಿ ಕಮಲಾವತಿಯನ್ನು ಬಾವಿಕಟ್ಟೆಯ ಹತ್ತಿರ ನಾಯಿ ಕಡಿಯಿತು. ಅವಳು ಕೇಳಿದ್ದು ಇಷ್ಟೇ: “ಮಂಗಳೂರಿಗೆ ಹೋಗುವಾ? ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಿದರೂ ಅಡ್ಡಿಲ್ಲ.” ನಾನು ಪತ್ರಿಕೆ ತಂದು ಅವಳ ಮುಂದೆ ಓದಿದೆ. ನಾನೇ ಬರೆದ ಅಂಕಿ ತಮ್ಮ ಮೊಹರು ಹೊತ್ತು ಅಚ್ಚಾಗಿ ಬಂದಿತ್ತು. ನನಗೇ ಅದರ ಮೇಲೆ ಭಕ್ತಿ ಬಂತು. ಇರುವೆಗೂ ದಾರಿ ಬಿಡುವ ಜೈನರ ಮನೆ ನಮ್ಮದು. ನಾಯಿ ಕೊಲ್ಲಲಿಕ್ಕೆ ಊರಿನ ಕುಶಾಲಪ್ಪ ಎಂಬವನನ್ನು ಕರೆಸಿ, ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಪಂಡಿತರ ಮದ್ದು ಹಿಡಿದ ಮೂವತ್ತಾರನೆಯ ದಿನ ಅವಳು ಬೀಸಣಿಗೆಯ ಗಾಳಿಗೆ ನಡುಗಿದಳು, ಆ ರೋಗದ ಗುರುತು ಅದು. ಮೂವತ್ತೆಂಟಕ್ಕೆ ಹೋದಳು. ಯಾವಾಗಲೋ ಗಂಜಿಯ ಜೊತೆ ಒಂದು ಮಾವಿನ ಮಿಡಿ ತಿಂದಿದ್ದಳಂತೆ. ಪಂಡಿತರು ಅತ್ತರು, ನಿಜವಾಗಿಯೂ ಅತ್ತರು, ಆಮೇಲೆ ಪುಸ್ತಕ ನನ್ನ ಕಡೆ ಸರಿಸಿದರು. ನಾನು ಗೆರೆ ಎಳೆದೆ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟ ಕೈ ಅದು. ಆ ಕೈಯ ಮೇಲೆ ನನಗೆ ಹೇಸಿಗೆ ಉಂಟು.

ಈಗ ಕಳೆದ ಗುರುವಾರ ನೆರೆಯ ಉಮ್ಮರನ ಏಳು ವರ್ಷದ ಮಗಳು ಮಾಜಿದಾಳನ್ನು ನಾಯಿ ಕಡಿದಿದೆ. ಜನ ದೊಣ್ಣೆ ಹಿಡಿದು ಬಂದಿದ್ದರು. ಉಮ್ಮರ್ ನನ್ನನ್ನು ಕೇಳಿದ: “ಕೊಲ್ಲುವಾ ಮಾಸ್ಟ್ರೇ?” ಬೇಡ ಎಂದೆ. ನಾಯಿಯನ್ನು ನನ್ನ ಕೊಟ್ಟಿಗೆಯಲ್ಲಿ ಸಂಕೋಲೆ ಹಾಕಿ ಕಟ್ಟಿದ್ದೇವೆ. ಮಗುವನ್ನು ದಿನವೂ ಬಸ್ಸಿನಲ್ಲಿ ಮಂಗಳೂರಿಗೆ ಕೊಂಡುಹೋಗುತ್ತಿದ್ದೇವೆ. ಹದಿನಾಲ್ಕರಲ್ಲಿ ನಾಲ್ಕು ಸೂಜಿ ಆಗಿದೆ. ನಿನ್ನೆ ಗುರುವಾಯನಕೆರೆಯಲ್ಲಿ ಬಸ್ಸು ಕೆಟ್ಟು ನಿಂತು ಐದನೆಯದು ತಪ್ಪಿತು. ಊರಿನಲ್ಲಿ ಹಲವರು ತಮ್ಮ ವರದಿ ತೋರಿಸಿ ಉಮ್ಮರನಿಗೆ ಬುದ್ಧಿ ಹೇಳುತ್ತಿದ್ದಾರೆ. ಅವನು ಸುಸ್ತಾಗಿದ್ದಾನೆ, ಅರ್ಧ ಒಪ್ಪಿದ್ದಾನೆ. ತಮಗೆ ಎರಡು ತಂತಿ ಕೊಟ್ಟೆ, ಉತ್ತರವಿಲ್ಲ.

ಆ ವರದಿಯನ್ನು ಹಿಂದಕ್ಕೆ ಪಡೆಯಿರಿ. ಅದು ಅಚ್ಚಾದ ಪುಟದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಗೆರೆ ಎಳೆದ ಹೆಸರುಗಳನ್ನೂ ಹಾಕಿಸಿ. ಆದರೆ ಅದೆಲ್ಲ ಆಮೇಲೆ. ಈ ಹೊತ್ತಿಗೆ ಉಳಿದ ಹತ್ತು ಸೂಜಿಮದ್ದನ್ನು ಇಲ್ಲಿನ ಕೇಂದ್ರಕ್ಕೆ ಕಳುಹಿಸಿ, ನಾಳೆಯೇ ಕಳುಹಿಸಿ. ಇವತ್ತು ಬೆಳಿಗ್ಗೆ ಕೊಟ್ಟಿಗೆಗೆ ಹೋದಾಗ ನಾಯಿ ಸತ್ತು ಬಿದ್ದಿತ್ತು. ಆರನೆಯ ದಿನ.

ಇಂತಿ,
ಕಮಲಾವತಿಗೆ ಪತ್ರಿಕೆ ಓದಿ ಹೇಳಿದ ಗಂಡ,
ಜಿನರಾಜ ಅರಿಗ, ನಿವೃತ್ತ ಗಣಿತದ ಮಾಸ್ತರ