ಐಸ್‌ಕ್ರೀಂ ವ್ಯಾನಿನ ಎಡಬದಿ

ಮಾರ್ಚ್ 4, ಸಂಜೆ

ಐಸ್‌ಕ್ರೀಂ ವ್ಯಾನಿನ ಎಡಬದಿ ಇವತ್ತೂ ಮುಗಿಯಲಿಲ್ಲ. ಬರೀ ಅಲ್ಯೂಮಿನಿಯಂ ತಗಡು. ಪೇಂಟ್ ಬೇಡವಂತೆ, ಫಳಫಳ ಹೊಳೆಯಬೇಕಂತೆ. ಎಮರಿ ಪೇಪರ್ ತಿಕ್ಕಿ ತಿಕ್ಕಿ ಬೆರಳ ತುದಿ ನುಣ್ಣಗಾಗಿದೆ. ಮೂಗು ಒರೆಸಿದರೆ ಕರ್ಚೀಫು ಕಪ್ಪು. ಏನಾದರೂ ರೋಗವೋ... ಕೇಳಿದರೆ ಇವರು ನಗುತ್ತಾರೆ.

ವ್ಯಾನ್ ಬಾಡಿ ಕಟ್ಟುವ ನಮ್ಮ ಶೆಡ್ಡಿಗೆ ತಂಗಿ ಕೆಲಸಕ್ಕೆ ಸೇರಿದಳು. ಇನ್ನು ನಮ್ಮ ಮನೆಯಲ್ಲೇ ಇರುತ್ತಾಳೆ. ಕೆಲಸ ಕೊಡಿಸಿದವಳು ನಾನೇ. ಮೇಸ್ತ್ರಿ ಅವಳನ್ನು ರಿವೆಟ್ ಹೊಡೆಯಲು ಇವರ ಕೈಕೆಳಗೆ ಹಾಕಿದರು. ನನ್ನ ಕೈಕೆಳಗೆ ಹಾಕಬಹುದಿತ್ತು. ಹಾಕಲಿಲ್ಲ.

ಮಾರ್ಚ್ 5

"ಭಾವ, ಇದೇನು ರಿವೆಟ್ಟೋ, ಅಂಗಿ ಗುಂಡಿನೋ? ಎಲ್ಲಾ ಸೊಟ್ಟ!" ಅಂದಳು ತಂಗಿ, ಇವರಿಗೆ.

"ಬಾಯ್ಮುಚ್ಕೊಂಡು ಡ್ರಿಲ್ ಹಿಡ್ಕೊಳ್ಳಮ್ಮ, ಮಹಾರಾಣಿ."

ಮಹಾರಾಣಿ! ಮದುವೆಯಾಗಿ ಒಂಬತ್ತು ವರ್ಷ. ರಿವೆಟ್ ಸೊಟ್ಟ ಅಂತ ನಾನು ಅಂದಿದ್ದರೆ ಎರಡು ದಿನ ಮುಖ ಊದಿಸಿಕೊಂಡು ಕೂತಿರುತ್ತಿದ್ದರು.

ಅವಳು ಹತ್ತನೇ ಕ್ಲಾಸ್ ಪಾಸ್. ನಾನು ಆರಕ್ಕೇ ಬಿಟ್ಟೆ — ಅವಳನ್ನು ಸೊಂಟದ ಮೇಲೆ ಹೊತ್ತು ತಿರುಗಲು ಮನೆಯಲ್ಲಿ ಒಬ್ಬರು ಬೇಕಿತ್ತಲ್ಲ.

ಮಾರ್ಚ್ 7, ಊಟದ ಹೊತ್ತು

ಹೊಳಪು ಬಂತು. ಬಫ್ ಮೆಷಿನ್ನಿನ ಬಟ್ಟೆಚಕ್ರ ಆಡಿಸಿ, ಕಪ್ಪು ಒರೆಸಿ ತೆಗೆದರೆ ಇಡೀ ಶೆಡ್ಡು ತಗಡಿನೊಳಗೆ. ತಿರುಗದೇ ಹಿಂದಿನದೆಲ್ಲಾ ಕಾಣುತ್ತದೆ. ಬೆಂಚಿನ ಹತ್ತಿರ ಇವರು, ತಂಗಿ. ಕೈಯಲ್ಲಿ ಕೆಲಸವಿಲ್ಲ, ಬರೀ ಮಾತು. ಏನು ಮಾತು ಅಷ್ಟೊಂದು? ನನ್ನ ಮೆಷಿನ್ನಿನ ಸದ್ದಿಗೆ ಒಂದೂ ಕೇಳಿಸುವುದಿಲ್ಲ. ಮೆಷಿನ್ ನಿಲ್ಲಿಸಿದರೆ ಅವರೂ ನಿಲ್ಲಿಸುತ್ತಾರೆ...

ಅದೇ ದಿನ, ಸಂಜೆ

ಅವರನ್ನೇ ನೋಡುತ್ತಾ ಮೆಷಿನ್ನನ್ನು ಒಂದೇ ಕಡೆ ಒತ್ತಿ ಹಿಡಿದುಬಿಟ್ಟೆ. ಚಕ್ರ ಸರಿಯುತ್ತಲೇ ಇರಬೇಕು, ನಿಂತರೆ ಬಿಸಿಗೆ ತಗಡು ಮಣಿಯುತ್ತದೆ — ಹೊಸಬರಿಗೆ ನಾನೇ ಹೇಳಿಕೊಡುವ ಮೊದಲ ಪಾಠ. ತಟ್ಟೆಯಗಲ ತಗ್ಗು ಬಿತ್ತು. ಆ ತಗ್ಗಿನಲ್ಲಿ ಇವರ ತಲೆ, ಅವಳ ತಲೆ ಒಂದಕ್ಕೊಂದು ಅಂಟಿಕೊಂಡವು. ಬೆಚ್ಚಿ ತಿರುಗಿದೆ. ಅವರಿಬ್ಬರ ನಡುವೆ ಇಡೀ ಬೆಂಚು ಇತ್ತು.

ತಿರುಗುವಷ್ಟರಲ್ಲಿ ದೂರ ಸರಿದರೋ? ತಗ್ಗೇ ಹಾಗೆ ತೋರಿಸಿತೋ?

ಬಟ್ಟೆ ಮುಚ್ಚಿ ಬಂದೆ. ಯಾರಿಗೂ ಹೇಳಲಿಲ್ಲ.

ಮಾರ್ಚ್ 10

ಎರಡು ದಿನ ಜ್ವರ ಅಂತ ಮಲಗಿದ್ದೆ. ಜ್ವರ ಇರಲಿಲ್ಲ. ನಾನು ಮಲಗಿದರೆ ಅವರಿಬ್ಬರೇ ಜೊತೆಯಾಗಿ ಹೋಗಿ ಬರುತ್ತಾರೆ ಅನ್ನುವುದು ಆಮೇಲೆ ಹೊಳೆಯಿತು. ಮಲಗಿದ್ದೂ ದಂಡ.

ಇವತ್ತು ಮೇಸ್ತ್ರಿ ಬಟ್ಟೆ ಎತ್ತಿದರು.

"ಯಾರ್ದಿದು ಘನಂದಾರಿ ಕೆಲಸ? ತಗಡಿಗೆ ಇಸ್ತ್ರಿ ಹಾಕಿದ್ರಾ?"

ನನ್ನದೇ ಅಂದರೆ, ಇಷ್ಟು ವರ್ಷ ಪಳಗಿದ ಕೈ ಯಾಕೆ ನಿಂತಿತು ಅನ್ನುತ್ತಾರೆ. ಏನು ನೋಡುತ್ತಿದ್ದೆ ಅಂತ ಹೇಳಲಿ — ಇವರೆದುರಿಗೆ?

"ನಂದೇ ಸಾರ್," ತಂಗಿ ಅಂದಳು. "ಅಕ್ಕ ಊಟಕ್ಕೆ ಕೂತಾಗ ಮೆಷಿನ್ ಆಡ್ಸಿ ನೋಡ್ದೆ."

"ನಾಳೆಯಿಂದ ಬರ್ಬೇಡ ನೀನು."

ಮನೆ ಮುಟ್ಟಿದ ಮೇಲೆ ಇವರು ಚಪ್ಪಲಿ ಬಿಡುತ್ತಾ, "ಎಂಥ ಗುಂಡಿಗೆ ಆ ಹುಡುಗೀದು" ಅಂದರು.

ತಪ್ಪು ನನ್ನದು, ಹೊಗಳಿಕೆ ಅವಳದು. ಅದಕ್ಕೂ ಹೊಟ್ಟೆ ಉರಿಯಿತು. ಥೂ ನನ್ನ ಜನ್ಮಕ್ಕೆ.

ಮಾರ್ಚ್ 11, ಬೆಳಿಗ್ಗೆ

ಇವರು ಸ್ನಾನಕ್ಕೆ ಹೋಗಿದ್ದಾರೆ. ಬೇಗ ಬರೆಯಬೇಕು.

ತಂಗಿ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ಕೇಳಿಯೇ ಬಿಟ್ಟೆ.

"ಯಾಕೆ ಹಾಗಂದೆ? ನೀನು ಮೆಷಿನ್ ಮುಟ್ಟೇ ಇಲ್ವಲ್ಲೇ."

"ತಗಡಲ್ಲಿ ನಾವು ನಿನಗೆ ಕಾಣ್ತಿದ್ವಿ ಅಂದ್ರೆ, ನೀನೂ ನಮಗೆ ಕಾಣ್ತಿದ್ದೆ ತಾನೇ ಅಕ್ಕ? ಆ ಕಣ್ಣು ನೋಡಿ ನಂಗೇ ಭಯ ಆಯ್ತು. ನಾನಿಲ್ಲಿದ್ರೆ ನಿನಗೆ ಅನ್ನ ಗಂಟಲಲ್ಲಿ ಇಳಿಯಲ್ಲ. ಹೋಗ್ತೀನಿ ಬಿಡು."

ಜಿಪ್ ಎಳೆದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಮೇಸ್ತ್ರಿಗೆ ನಿಜ ಹೇಳಬೇಕು. ಇವತ್ತೇ ಹೇಳುತ್ತೇನೆ. ಹೇಳಿದರೆ ಅವಳು ಇಲ್ಲೇ ಉಳಿಯುತ್ತಾಳೆ... ಉಳಿಯಲಿ. ಉಳಿಯಲಿ ಅಂತ ಬರೆಯುವಾಗಲೂ ಎದೆ ಹಿಂಡುತ್ತದೆ.

ನಮಗೆ ಕಾಣ್ತಿದ್ದೆ ಅಂದಳು. ನನಗೆ ಅನ್ನಲಿಲ್ಲ, ನಮಗೆ ಅಂದಳು. ಹಾಗಾದರೆ ಬೆಂಚಿನ ಆಚೆ ನಿಂತಿದ್ದ ಇವರೂ ನನ್ನ ಮುಖ—